ಮುಖ್ಯರಸ್ತೆಯ ಭಯ ದಾಟಲು ಜೊತೆ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಯಲಚೇನಹಳ್ಳಿಯ 46 ವರ್ಷದ ಗೃಹಿಣಿ. ಎಲ್‌ಎಲ್‌ಆರ್ (ಗಾಡಿ ಕಲಿಯುವವರ ಲೈಸೆನ್ಸ್) ಮಾಡಿಸಿ ನಾಲ್ಕು ತಿಂಗಳಾಯಿತು. ಅದರ ಅವಧಿ ಇರುವುದೇ 6 ತಿಂಗಳು. ನಮ್ಮ ಅಡ್ಡರಸ್ತೆಯಲ್ಲಿ ಸ್ಕೂಟರ್ ಸಲೀಸಾಗಿ ಓಡಿಸುತ್ತೇನೆ, ಎಂಟರ ಆಕಾರದಲ್ಲಿ ತಿರುಗಿಸುವುದೂ ಬಂದಿದೆ. ಆದರೆ ಕನಕಪುರ ರಸ್ತೆಗೆ ತಿರುಗಿ, ಬೆನ್ನ ಹಿಂದೆ ಬಸ್ಸಿನ ಹಾರನ್ ಕೇಳಿದರೆ ಸಾಕು, ಕೈ ಬೆವರಿ ಬ್ರೇಕ್ ಹಿಡಿದು ನಿಂತುಬಿಡುತ್ತೇನೆ. ಕಳೆದ ವಾರ ಗಾಡಿಯನ್ನು ತಳ್ಳಿಕೊಂಡೇ ಮನೆಗೆ ಬಂದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹಿಂದಿರುಗಿ ಬಂದಷ್ಟೂ ಭಯ ಬಲಿಯುತ್ತಿದೆ. ಹಾಗಾಗಿ ಬೆಳಿಗ್ಗೆ 6 ಗಂಟೆಗೆ, ವಾಹನಗಳು ಕಡಿಮೆ ಇರುವಾಗ, ಮೊದಲು ಸಾರಕ್ಕಿ ಸಿಗ್ನಲ್‌ವರೆಗೆ, ಅದು ಅಭ್ಯಾಸವಾದ ಮೇಲೆ ಬನಶಂಕರಿಯವರೆಗೆ ಹೋಗಬೇಕೆಂದಿದ್ದೇನೆ. ಲೈಸೆನ್ಸ್ ಇರುವ ಅಕ್ಕತಂಗಿಯರು ಯಾರಾದರೂ ಒಂದು ವಾರ ನನ್ನ ಹಿಂದಿನ ಸೀಟಿನಲ್ಲಿ ಕುಳಿತು ಧೈರ್ಯ ಹೇಳುವಿರಾ? ಇದೇ ಭಯವನ್ನು ದಾಟಿದವರು ಮೊದಲ ದಿನ ಏನು ಮಾಡಿದಿರಿ, ದಯವಿಟ್ಟು ಬರೆಯಿರಿ.