ಸರ್ಕಾರಿ ಕಾರ್ಖಾನೆಯ ಕೋವಿ ತೋಟಾದ ಟೆಸ್ಟ್ ರಿಪೋರ್ಟ್ ಆರ್‌ಟಿಐ ಹಾಕಿದ್ರೆ ಸಿಗುತ್ತಾ?

ಹೆತ್ತೂರು_ಕಾಫಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆ. ಆರು ಎಕರೆ ಕಾಫಿ, ಕೆಳಗೆ ಸ್ವಲ್ಪ ಗದ್ದೆ. ಅಪ್ಪನ ಕಾಲದಿಂದ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ 12 ಬೋರ್ ಜೋಡು ನಳಿಗೆ ಕೋವಿ ಇದೆ. ಹಂದಿ, ಮಂಗ ಬಂದಾಗ ಮೇಲಕ್ಕೆ ಒಂದು ಹಾರಿಸಿ ಓಡಿಸೋದಕ್ಕೆ ಅಷ್ಟೇ ಅದರ ಕೆಲಸ.

ಹೋದ ವರ್ಷ ಭತ್ತ ತೆನೆ ಕಟ್ಟುವ ಹೊತ್ತಿಗೆ ಒಂದು ರಾತ್ರಿ ಹಂದಿ ಹಿಂಡು ಗದ್ದೆಗೆ ಇಳಿಯಿತು. ಕೋವಿಯ ಕುದುರೆ ಎಳೆದೆ, ಟಕ್ ಅಂತ ಸದ್ದು ಬಂತು, ಅಷ್ಟೇ. ಎರಡನೇ ನಳಿಗೆಯೂ ಹಾಗೇ. ಬೆಳಗಾಗುವಷ್ಟರಲ್ಲಿ ಅರ್ಧ ಗದ್ದೆ ಉತ್ತಿಟ್ಟ ಹಾಗಿತ್ತು. ಆಮೇಲೆ ಲೆಕ್ಕ ಹಾಕಿದೆ, ಒಂದೇ ಸಲ ತಂದ ಇಪ್ಪತ್ತು ತೋಟಾದಲ್ಲಿ ಆರು ಹಾರಲಿಲ್ಲ. ಅಂಗಡಿಯವರು 'ನಿಮ್ಮ ಕಡೆ ಮಳೆ ಜಾಸ್ತಿ, ಅಟ್ಟದಲ್ಲಿಟ್ಟರೆ ಹೀಗೇ ಆಗೋದು' ಅಂತಾರೆ. ಇರಬಹುದು, ನಮ್ಮಲ್ಲಿ ಆಟಿ ತಿಂಗಳಲ್ಲಿ ಚರ್ಮದ ಚಪ್ಪಲಿಗೂ ಬೂಸ್ಟು ಹಿಡಿಯುತ್ತೆ. ಆದರೆ ಅದೇ ಅಟ್ಟದಲ್ಲಿ, ಅದೇ ಡಬ್ಬದಲ್ಲಿದ್ದ ಮೂರು ವರ್ಷ ಹಳೇ ತೋಟಾ ಎಲ್ಲವೂ ಹಾರಿದವು, ಅದಕ್ಕೇನು ಹೇಳ್ತಾರೆ?

ಯಾವ ಕಾರ್ಖಾನೆಯದ್ದು ಅಂತ ಇಲ್ಲಿ ಬರೆಯಲ್ಲ, ತಪ್ಪು ಯಾರದ್ದು ಅಂತ ಇನ್ನೂ ಗೊತ್ತಿಲ್ಲವಲ್ಲ. ಸರ್ಕಾರದ್ದು ಅನ್ನೋದಷ್ಟೇ ಖಾತ್ರಿ. ಪೆಟ್ಟಿಗೆ ಮೇಲೆ ಲಾಟ್ ನಂಬರ್ ಇದೆ, ಅಂದರೆ ಒಟ್ಟಿಗೆ ತಯಾರಾದ ತೋಟಾಗಳ ಗುಂಪಿನ ಗುರುತು. ಹೊರಗೆ ಬಿಡುವ ಮೊದಲು ಆ ಲಾಟನ್ನು ಟೆಸ್ಟ್ ಮಾಡಿರಲೇಬೇಕು ಅಲ್ವಾ? ಆ ರಿಪೋರ್ಟ್ ಕೇಳಬಹುದಾ? 'ದೇಶದ ಭದ್ರತೆ' ಅಂತ ಬಾಗಿಲು ಹಾಕಿಬಿಡ್ತಾರಾ? ಇನ್ನೊಂದು ಮಾತು, ಇದನ್ನು ಹೇಳೋಕೆ ಸ್ವಲ್ಪ ಮುಜುಗರ, ಮುಂದಿನ ವರ್ಷ ಲೈಸೆನ್ಸ್ ರಿನ್ಯೂವಲ್ ಇದೆ. ಗುಂಡಿನ ಬಗ್ಗೆ ಅರ್ಜಿ ಹಾಕಿದ ಅಂತ ಅದಕ್ಕೇನಾದರೂ ತೊಂದರೆ ಆದರೆ ಮನೇಲಿ ನನ್ನನ್ನು ಬಿಡಲ್ಲ.

ಬಣಕಲ್_ಹುಡುಗ

ಅಣ್ಣಾ, ಇದು ನಮ್ಮ ಮೂಡಿಗೆರೆ ಕಡೆಯೂ ಇರುವ ಗೋಳೇ. ನಮ್ಮ ದೊಡ್ಡಪ್ಪ ಮಳೆಗಾಲ ಪೂರ್ತಿ ತೋಟಾವನ್ನು ಅಕ್ಕಿ ಡ್ರಮ್ಮಿನಲ್ಲಿ ಹುಗಿದಿಡ್ತಾರೆ, ಒಂದೂ ಕೈ ಕೊಟ್ಟಿಲ್ಲ.

ರಿಪೋರ್ಟ್ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ಅವರ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಮಾಡಿದ ಗುಂಡಿನ ಪರೀಕ್ಷೆಗಳನ್ನು ಜನ ಅಲ್ಲಿನ ಮಾಹಿತಿ ಕಾಯ್ದೆಯಲ್ಲಿ ಕೇಳ್ತಾರಂತೆ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಗುಂಡಿನ ಚಕಮಕಿ ಆಗಿ ಅವರ ಇಬ್ಬರು ಏಜೆಂಟರು ಸತ್ತರು. ಆಮೇಲೆ ಜೆಲಾಟಿನ್ ಗಟ್ಟಿಗೆ ಗುಂಡು ಹೊಡೆದು ಎಷ್ಟು ಇಂಚು ಒಳಗೆ ಹೋಗುತ್ತೆ ಅಂತ ಅಳೆಯೋದು ಶುರುವಾಯಿತು, ಕಮ್ಮಿ ಅಂದರೂ 12 ಇಂಚು ಹೋಗಬೇಕು ಅನ್ನೋದು ಅವರ ಅಳತೆ. ಅಲ್ಲಿ ಸಿಗುತ್ತೆ ಅಂದಮೇಲೆ ಇಲ್ಲೂ ಸಿಗಬೇಕು. ಹಾರದ ಒಂದು ತೋಟಾವನ್ನೂ ಅರ್ಜಿ ಜೊತೆ ಕಳಿಸಿಬಿಡಿ, ಕಣ್ಣಾರೆ ನೋಡಲಿ.

ಚಿಕ್ಕಮಗಳೂರು_ವಕೀಲೆ

ಮೊದಲು ಒಂದು ಮಾತು. ತೋಟಾವನ್ನು ಅಂಚೆಯಲ್ಲಿ ಕಳಿಸಬೇಡಿ. ಸ್ಫೋಟಕ ವಸ್ತು ಅಂಚೆಯಲ್ಲಿ ಹಾಕುವ ಹಾಗೇ ಇಲ್ಲ, ಹಾರದಿದ್ದರೂ ಒಳಗೆ ಮದ್ದು ಇದ್ದೇ ಇದೆ. ಬಣಕಲ್ ತಮ್ಮಾ, ಒಳ್ಳೇ ಮನಸ್ಸಿನಿಂದಲೇ ಹೇಳಿದ್ದೀಯ, ಆದರೆ ಆ ಸಾಲು ಅಳಿಸಿಬಿಡು, ಯಾರಾದರೂ ಹಾಗೇ ಮಾಡಿಬಿಟ್ಟಾರು.

ಈಗ ಹೆತ್ತೂರಿನವರಿಗೆ. ನಿಮ್ಮ ಕೊನೆಯ ಭಯದಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಆರ್‌ಟಿಐ ಹಾಕದೆ ಸುಮ್ನೆ ಕೂತ ಎಷ್ಟೋ ಜನರನ್ನು ಹೀಗೇ ಒಂದು ಭಯ ತಡೆದಿರುತ್ತೆ. 2005ರ ಮಾಹಿತಿ ಹಕ್ಕು ಕಾಯ್ದೆಯ (ಆರ್‌ಟಿಐ) 6(2)ನೇ ಸೆಕ್ಷನ್ ಪ್ರಕಾರ ಮಾಹಿತಿ ಯಾಕೆ ಬೇಕು ಅಂತ ನೀವು ಹೇಳಬೇಕಾಗಿಲ್ಲ, ಅವರೂ ಕೇಳುವ ಹಾಗಿಲ್ಲ. ಹೆಸರು, ವಿಳಾಸ ಸಾಕು. ಲೈಸೆನ್ಸ್ ಇದೆ ಅಂತಲೂ ಬರೆಯಬೇಡಿ, ಅದರ ಅಗತ್ಯವೇ ಇಲ್ಲ. ಲೈಸೆನ್ಸ್ ಕೊಡೋದು ಜಿಲ್ಲಾಡಳಿತ, ತೋಟಾ ಮಾಡೋದು ಕೇಂದ್ರದ ಕಂಪನಿ, ನಿಮ್ಮ ಅರ್ಜಿ ಹೋಗೋದು ಆ ಕಂಪನಿಗೆ.

ಯಾವ ಕಂಪನಿ ಅಂತ ಪೆಟ್ಟಿಗೆ ನೋಡಿ ಖಚಿತ ಮಾಡಿಕೊಳ್ಳಿ. ಸರ್ಕಾರಿ ಆಯುಧ ಕಾರ್ಖಾನೆಗಳನ್ನು ನಡೆಸುತ್ತಿದ್ದ ಹಳೇ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಈಗಿಲ್ಲ. 2021ರ ಅಕ್ಟೋಬರ್ 1ರಿಂದ ಅದರ 41 ಕಾರ್ಖಾನೆಗಳು 7 ಕಂಪನಿಗಳಿಗೆ ಹಂಚಿಹೋಗಿವೆ. ಏಳೂ ಸರ್ಕಾರದವೇ, ಹಾಗಾಗಿ ಆರ್‌ಟಿಐ ಅನ್ವಯಿಸುತ್ತೆ. ತಪ್ಪು ಕಂಪನಿಗೆ ಹೋದರೂ ಗಾಬರಿ ಬೇಡ, 6(3)ರ ಪ್ರಕಾರ ಐದು ದಿನದೊಳಗೆ ಅವರೇ ಸರಿಯಾದ ಕಡೆಗೆ ವರ್ಗಾಯಿಸಬೇಕು. ಆದರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಕಳಿಸಬೇಡಿ. ಅದು ಕಾಯ್ದೆಯ ಎರಡನೇ ಷೆಡ್ಯೂಲ್‌ನಲ್ಲಿ, ಅಂದರೆ ವಿನಾಯಿತಿ ಇರುವ ಸಂಸ್ಥೆಗಳ ಪಟ್ಟಿಯಲ್ಲಿದೆ, ಭ್ರಷ್ಟಾಚಾರ ಅಥವಾ ಮಾನವ ಹಕ್ಕು ಉಲ್ಲಂಘನೆಯ ಆರೋಪ ಇದ್ದರೆ ಮಾತ್ರ ಉತ್ತರ ಕೊಡುತ್ತೆ. ಸಿಆರ್‌ಪಿಎಫ್, ಬಿಎಸ್‌ಎಫ್ ಕೂಡ ಅದೇ ಪಟ್ಟಿಯಲ್ಲಿವೆ.

ಭದ್ರತೆಯ ಕಾರಣಕ್ಕೆ ಮಾಹಿತಿ ಕೊಡದಿರಬಹುದು ಅನ್ನೋದು ಸೆಕ್ಷನ್ 8(1)(ಎ). ಸೈನ್ಯದ ಗುಂಡಿನ ವೇಗ, ದೂರ, ದಾಸ್ತಾನು ಕೇಳಿದರೆ ಆ ಸೆಕ್ಷನ್ ತೋರಿಸಿ ಇಲ್ಲ ಅಂತಾರೆ, ನನ್ನ ಪ್ರಕಾರ ಅದರಲ್ಲಿ ಬಹಳಷ್ಟು ಸಲ ಅವರ ಕಡೆ ನ್ಯಾಯವೂ ಇರುತ್ತೆ. ನಿಮ್ಮದು ಹಾಗಲ್ಲ. ಲೈಸೆನ್ಸ್ ಇರುವ ಯಾವ ರೈತನಾದರೂ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರುವ ಮಾಲು ಅದು. ಅಂಗಡಿಯಲ್ಲಿ ಮಾರೋ ವಸ್ತುವಿನ ಗುಣಮಟ್ಟ ಹೇಳಿದರೆ ದೇಶಕ್ಕೆ ಹೇಗೆ ಅಪಾಯ ಅಂತ ಅವರೇ ವಿವರಿಸಬೇಕು, 19(5)ರ ಪ್ರಕಾರ ಮೇಲ್ಮನವಿಯಲ್ಲಿ ಆ ಹೊಣೆ ಅವರ ಮೇಲಿದೆ. ವ್ಯಾಪಾರ ಗುಟ್ಟು ಅಂತ 8(1)(ಡಿ) ಹೇಳಬಹುದು. ಅದಕ್ಕೆ ಈಗಲೇ ಒಂದು ಸಾಲು ಸೇರಿಸಿಡಿ: ಮದ್ದಿನ ಮಿಶ್ರಣದಂಥ ಭಾಗ ಕೊಡಲಾಗದಿದ್ದರೆ ಅದನ್ನು ಮುಚ್ಚಿ, 10ನೇ ಸೆಕ್ಷನ್ ಪ್ರಕಾರ ಉಳಿದದ್ದು ಕೊಡಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರಶ್ನೆ ಕೇಳಬೇಡಿ, ಕಾಗದ ಕೇಳಿ. 'ಯಾಕೆ ಹಾರಲಿಲ್ಲ' ಅಂದರೆ ಅದು ಮಾಹಿತಿಯ ವ್ಯಾಖ್ಯೆಯಲ್ಲಿ ಬರಲ್ಲ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ತಾರೆ. ಕಡತದಲ್ಲಿ ಇರೋದನ್ನು ಅದರ ಹೆಸರು ಹಿಡಿದು ಕೇಳಬೇಕು. ನಾನೇ ಒಮ್ಮೆ ರಸ್ತೆ ಕಾಮಗಾರಿ ಬಗ್ಗೆ 'ಯಾಕೆ ಕಿತ್ತುಹೋಯಿತು' ಅಂತ ಕೇಳಿ ನಾಲ್ಕು ತಿಂಗಳು ಕಳೆದುಕೊಂಡೆ. ಅದೇ ಕಚೇರಿಗೆ 'ಅಳತೆ ಪುಸ್ತಕದ ಪ್ರತಿ ಕೊಡಿ' ಅಂತ ಹಾಕಿದೆ, ಇಪ್ಪತ್ತೆರಡು ದಿನಕ್ಕೆ ಬಂತು.

ಅರಸೀಕೆರೆ_ಮಾಜಿಯೋಧ

ವಕೀಲೆ ಮೇಡಂ ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸ್ತೀನಿ. ನಾನು ಹದಿನೇಳು ವರ್ಷ ಆರ್ಟಿಲರಿಯಲ್ಲಿದ್ದವನು. ಗುಂಡು ಹಾರದಿದ್ದರೆ ಏನಾಗುತ್ತೆ ಅಂತ ಹತ್ತಿರದಿಂದ ನೋಡಿದ್ದೀನಿ, ಅದಕ್ಕೇ ಈ ವಿಷಯ ಕಂಡರೆ ಸುಮ್ಮನಿರೋಕೆ ಆಗಲ್ಲ.

ಅರ್ಜಿ ಬರೆಯುವ ಮೊದಲು ಹಾರದ ಆ ಆರು ತೋಟಾವನ್ನು ಕೈಯಲ್ಲಿ ಹಿಡಿದು ನೋಡಿ. ಹಿತ್ತಾಳೆ ತಳದ ನಡುವೆ ಕೇಪು ಇರುತ್ತಲ್ಲ, ಅದರ ಮೇಲೆ ಸೂಜಿ ಬಡಿದ ಗುಳಿ ಕಾಣುತ್ತೆ. ಹಾರಿದ ಖಾಲಿ ತೋಟಾ ಒಂದಿದ್ದರೆ ಪಕ್ಕದಲ್ಲಿಟ್ಟು ಹೋಲಿಸಿ. ಎರಡರಲ್ಲೂ ಗುಳಿ ಒಂದೇ ಆಳ ಇದ್ದರೆ ಕೋವಿ ತನ್ನ ಕೆಲಸ ಮಾಡಿದೆ, ತಪ್ಪು ತೋಟಾದ್ದು. ಹಾರದ್ದರಲ್ಲಿ ಗುಳಿ ತೆಳ್ಳಗೆ, ಉಗುರಲ್ಲಿ ಒತ್ತಿದ ಹಾಗೆ ಇದ್ದರೆ ನಿಮ್ಮ ಕೋವಿಯ ಸ್ಪ್ರಿಂಗ್ ಸೋತಿದೆ, ಅಥವಾ ಸೂಜಿ ಸವೆದಿದೆ. ಆಗ ಯಾವ ಕಾರ್ಖಾನೆಯ ರಿಪೋರ್ಟ್ ತಂದರೂ ಉಪಯೋಗವಿಲ್ಲ. ಅಪ್ಪನ ಕಾಲದ ಕೋವಿ ಅಂದಿರಿ, ಮೊದಲು ಇದನ್ನೇ ನೋಡಿ. ಹಿತ್ತಾಳೆಗೆ ಹಸಿರು ಕಿಲುಬು ಹತ್ತಿದೆಯಾ, ಬಾಯಿ ಕಡೆ ಊದಿಕೊಂಡು ನಳಿಗೆಗೆ ಬಿಗಿಯಾಗಿ ಹೋಗ್ತಿದೆಯಾ ಅಂತಲೂ ನೋಡಿ, ಹಾಗಿದ್ದರೆ ತೇವದ ಕೆಲಸ. ದಯವಿಟ್ಟು ಬಿಚ್ಚಬೇಡಿ, ಕೊಯ್ಯಬೇಡಿ. ಇನ್ನು ಮುಂದೆ ಟಕ್ ಅಂದ ತಕ್ಷಣ ತೋಟಾ ತೆಗೆಯೋಕೆ ಕೋವಿ ಮಡಚಿ ತೆರೆಯಬೇಡಿ. ಮೂತಿ ಖಾಲಿ ಕಡೆಗೇ ಇಟ್ಟು ಒಂದು ನಿಮಿಷ ಕಾಯಿರಿ. ಕೆಲವು ಸಲ ತಡವಾಗಿ ಹಾರುತ್ತೆ.

ರಿಪೋರ್ಟ್ ಬಗ್ಗೆ. ಗುಂಡು ಮಾಡುವ ಕಡೆ ಪ್ರತಿ ಲಾಟಿನಿಂದ ಒಂದಷ್ಟು ಎತ್ತಿ ಹಾರಿಸಿ ನೋಡ್ತಾರೆ. ನಾವು ಅದನ್ನು ಪ್ರೂಫ್ ಅಂತೀವಿ. ಎಷ್ಟು ಹಾರಿಸಿದರು, ಎಷ್ಟು ಹಾರಲಿಲ್ಲ, ವೇಗ ಎಷ್ಟು, ನಳಿಗೆ ಒಳಗೆ ಒತ್ತಡ ಎಷ್ಟು ಅಂತ ಬರೆದಿಡ್ತಾರೆ. ಹಾಗಾಗಿ ಅರ್ಜಿಯಲ್ಲಿ 'ಪ್ರೂಫ್' ಅನ್ನೋ ಮಾತು ಇರಲಿ. 'ಟೆಸ್ಟ್ ರಿಪೋರ್ಟ್' ಅಂತ ಮಾತ್ರ ಬರೆದರೆ ಆ ಹೆಸರಿನ ಕಾಗದ ನಮ್ಮಲ್ಲಿಲ್ಲ ಅಂತ ಬರೆದು ಕಳಿಸಿದರೂ ಆಶ್ಚರ್ಯವಿಲ್ಲ.

ಸೈನ್ಯದ ಗುಂಡಿನ ಬಗ್ಗೆ ಏನೂ ಸಿಗಲ್ಲ ಅಂತ ಯಾರೂ ತಿಳಿಯಬೇಡಿ. ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಿಎಜಿಯ 2015ರ ಮತ್ತು 2017ರ ವರದಿಗಳಲ್ಲಿ ಈ ವಿಷಯ ವಿವರವಾಗಿ ಇದೆ. 152 ಬಗೆಯ ಮದ್ದುಗುಂಡಿನಲ್ಲಿ 61 ಬಗೆ ಹತ್ತು ದಿನದ ಯುದ್ಧಕ್ಕೂ ಸಾಲುತ್ತಿರಲಿಲ್ಲ ಅಂತ 2017ರ ವರದಿಯಲ್ಲಿ ಬರೆದಿದ್ದಾರೆ. ಕಾರ್ಖಾನೆ ಗುಣಮಟ್ಟದ ಬಗ್ಗೆಯೂ ಅದರಲ್ಲಿ ಇದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿರುವ ಕಾಗದಗಳ ಹೆಸರು ನೋಡಿಕೊಂಡು ಅರ್ಜಿ ಬರೆದರೆ ನಿಮ್ಮ ಅರ್ಜಿಗೂ ತೂಕ ಬರುತ್ತೆ.

ಹೆತ್ತೂರು_ಕಾಫಿ

ಯೋಧರೇ, ನೀವು ಹೇಳಿದ ಹಾಗೆ ಈಗಷ್ಟೇ ಟಾರ್ಚ್ ಹಾಕಿಕೊಂಡು ನೋಡಿದೆ. ಆರರಲ್ಲಿ ಐದಕ್ಕೆ ಗುಳಿ ಚೆನ್ನಾಗಿ ಆಳವಾಗಿ ಬಿದ್ದಿದೆ, ಹಾರಿದ್ದಕ್ಕೂ ಇದಕ್ಕೂ ವ್ಯತ್ಯಾಸ ಕಾಣಲ್ಲ. ಒಂದಕ್ಕೆ ಮಾತ್ರ ತೆಳ್ಳಗಿದೆ, ಅದು ಎಡ ನಳಿಗೆಯದ್ದು ಅನ್ಸುತ್ತೆ. ಕಿಲುಬು ಎರಡಕ್ಕೆ ಇದೆ. ಹಾಗಾದರೆ ಮೂರು ಕಾರಣವೂ ಸೇರಿಕೊಂಡಿದೆಯೋ ಏನೋ. ಅಂಗಡಿಯವರನ್ನು ಪೂರ್ತಿ ತಪ್ಪು ಅನ್ನೋಕೂ ಆಗಲ್ಲ. ಹೋದ ಎಲೆಕ್ಷನ್ ಹೊತ್ತಿಗೆ ಕೋವಿ ಠಾಣೆಗೆ ಕೊಟ್ಟಿದ್ದೆವು, ಆಗ ತೋಟಾ ಡಬ್ಬವನ್ನು ಯಾರೂ ತೆಗೆದು ನೋಡಿರಲಿಲ್ಲ.

ಬಿಲ್ ಕಳೆದುಹೋಗಿದೆ ಮೇಡಂ. ಅದಿಲ್ಲದೆ ಆಗುತ್ತಾ? ಅರ್ಜಿ ಕನ್ನಡದಲ್ಲೇ ಬರೆಯಬಹುದಾ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ.

ಚಿಕ್ಕಮಗಳೂರು_ವಕೀಲೆ

ಆರ್‌ಟಿಐಗೆ ಬಿಲ್ ಬೇಡವೇ ಬೇಡ. ಮುಂದೆ ಗ್ರಾಹಕರ ಆಯೋಗಕ್ಕೆ ಹೋಗುವ ಯೋಚನೆ ಇದ್ದರೆ ಬೇಕಾಗುತ್ತೆ. ಅದಕ್ಕೂ ನಿಮ್ಮ ಲೈಸೆನ್ಸ್ ಪುಸ್ತಕದಲ್ಲಿ ತೋಟಾ ಕೊಂಡ ತಾರೀಖು, ಸಂಖ್ಯೆ ಬರೆದು ಅಂಗಡಿಯವರು ಸೀಲ್ ಹಾಕಿರ್ತಾರೆ, ಆ ಪುಟ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಅಲ್ಲಿಗೆ ಎರಡು ವರ್ಷದ ಗಡುವು, ಮರೀಬೇಡಿ.

ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ. ಅರ್ಜಿ ಹಾಕುವ ಜಾಗದ ಆಡಳಿತ ಭಾಷೆಯಲ್ಲಿ ಕೊಡಬಹುದು ಅಂತ 6(1)ರಲ್ಲೇ ಇದೆ. ಕೇಂದ್ರದ ಆರ್‌ಟಿಐ ವೆಬ್‌ಸೈಟಿನಲ್ಲಿ 10 ರೂಪಾಯಿ ಕಟ್ಟಿ ಹಾಕಬಹುದು. ನೆಟ್‌ವರ್ಕ್ ಇಲ್ಲ ಅಂದರೆ ಪೋಸ್ಟಲ್ ಆರ್ಡರ್ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ. ನಮ್ಮ ರಾಜ್ಯದ ಕಚೇರಿಗಳಿಗೆ ಹಾಕುವಾಗ 150 ಪದ, ಒಂದೇ ವಿಷಯ ಅಂತ ಮಿತಿ ಇದೆ, ಕೇಂದ್ರಕ್ಕೆ 500 ಪದದವರೆಗೆ ಬರೆಯಬಹುದು. ನಿಮಗೆ ಅಷ್ಟೂ ಬೇಡ. ಇಷ್ಟು ಸಾಕು:

'ನಿಮ್ಮ ಕಾರ್ಖಾನೆಯಲ್ಲಿ ತಯಾರಾದ, ಸಾರ್ವಜನಿಕ ಮಾರಾಟದ 12 ಬೋರ್ ತೋಟಾ, ಲಾಟ್ ನಂಬರ್ ಇಂಥದ್ದು. ಈ ಲಾಟನ್ನು ಮಾರಾಟಕ್ಕೆ ಬಿಡುವ ಮೊದಲು ನಡೆಸಿದ ಪ್ರೂಫ್ ಹಾಗೂ ತಪಾಸಣೆ ವರದಿಯ ದೃಢೀಕೃತ ಪ್ರತಿ. ಈ ಲಾಟಿನ ಬಗ್ಗೆ ಬಂದ ದೂರುಗಳ ಮತ್ತು ಅವುಗಳ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ. ತೋಟಾ ಎಷ್ಟು ವರ್ಷ, ಎಂಥ ಜಾಗದಲ್ಲಿ ಇಡಬಹುದು ಎಂಬ ಬಗ್ಗೆ ಕಾರ್ಖಾನೆ ಹೊರಡಿಸಿದ ಸೂಚನೆಯ ಪ್ರತಿ.'

ಮೂರನೆಯದನ್ನು ಬೇಕಂತಲೇ ಸೇರಿಸಿದ್ದೀನಿ. ಪ್ರೂಫ್ ವರದಿ ಕೊಡದಿದ್ದರೂ ಅದನ್ನು ಇಲ್ಲ ಅನ್ನೋಕೆ ಕಾರಣ ಸಿಗಲ್ಲ, ನಮ್ಮ ಮಳೆನಾಡಿಗೆ ಬೇಕಾಗಿರೋದೂ ಅದೇ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಸರಿ ಇಲ್ಲದಿದ್ದರೆ, ಮುಂದಿನ 30 ದಿನದೊಳಗೆ ಅಲ್ಲೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೆ ಫೀಸಿಲ್ಲ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ. ದೆಹಲಿಗೆ ಹೋಗಬೇಕು ಅಂತ ಹೆದರಬೇಡಿ, ವಿಚಾರಣೆ ವಿಡಿಯೋದಲ್ಲಿ ನಡೆಯುತ್ತೆ, ಜಿಲ್ಲಾ ಕೇಂದ್ರದಲ್ಲೇ ಕೂತು ಮಾತಾಡಬಹುದು.

ಬಣಕಲ್_ಹುಡುಗ

ಮೇಡಂ, ಅಂಚೆಯಲ್ಲಿ ಕಳಿಸೋ ಸಾಲು ಅಳಿಸೋಕೆ ಬರ್ತಿಲ್ಲ, ಎಡಿಟ್ ಸಮಯ ಮುಗಿದಿದೆ. ಓದುವವರು ದಯವಿಟ್ಟು ಅದನ್ನು ಬಿಟ್ಟುಬಿಡಿ, ನನ್ನ ತಪ್ಪು. ದೊಡ್ಡಪ್ಪನ ತೋಟಾ ಪೆಟ್ಟಿಗೆ ನೋಡಿದೆ, ಅದೂ ಸರ್ಕಾರಿಯದ್ದೇ, ಲಾಟ್ ಬೇರೆ. ಅಣ್ಣಾ, ನೀವು ಹಾಕಿದ ದಿನವೇ ನಾನೂ ಆ ಲಾಟಿಗೆ ಒಂದು ಅರ್ಜಿ ಹಾಕ್ತೀನಿ. ಹಾರಿದ ಲಾಟಿನ ವರದಿ, ಹಾರದ ಲಾಟಿನ ವರದಿ ಎರಡೂ ಬಂದರೆ ಪಕ್ಕಪಕ್ಕ ಇಟ್ಟು ನೋಡಬಹುದು.

ಹೆತ್ತೂರು_ಕಾಫಿ

ಆಗಲಿ ತಮ್ಮಾ, ಸೋಮವಾರ ಹಾಕೋಣ. ನಾನು ಸಕಲೇಶಪುರ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ಬರ್ತೀನಿ, ರಸೀದಿ ಫೋಟೋ ಇಲ್ಲೇ ಹಾಕ್ತೀನಿ. ಎಡ ನಳಿಗೆಯ ಸ್ಪ್ರಿಂಗ್ ತೋರಿಸೋಕೆ ಕೋವಿ ರಿಪೇರಿಯವರ ಹತ್ತಿರವೂ ಹೋಗಬೇಕು, ಹಾಸನದಲ್ಲಿ ಲೈಸೆನ್ಸ್ ಇರುವವರು ಯಾರಾದರೂ ಗೊತ್ತಿದ್ದರೆ ಹೇಳಿ.