ಸಿಂಗರ್ 99ಕೆ: ಹುಣಸೆಹಣ್ಣು ಹಾಕಿ ತಿಕ್ಕಿದೆ, ಕಪ್ಪು ಹೋಯಿತು. ಈಗೇನು ಮಾಡಲಿ?

ಬಾಗಲಕೋಟೆಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿಯ ಕೈಯಲ್ಲಿ ತಿರುಗಿಸುವ ಹೊಲಿಗೆ ಮಷಿನ್ ಈಗ ನನ್ನ ಹತ್ತಿರ ಇದೆ. ಸಿಂಗರ್ 99ಕೆ. ನಂಬರ್ ‘ಇಡಿ’ ಅಂತ ಶುರುವಾಗುತ್ತದೆ. ಹಳೇ ಊರಿಗೆ ಆಲಮಟ್ಟಿ ಹಿನ್ನೀರು ಬಂದಾಗ ನವನಗರಕ್ಕೆ ತಂದು ಅಟ್ಟದ ಮೇಲೆ ಇಟ್ಟರು, ಅಲ್ಲೇ ಉಳಿಯಿತು. ಅಜ್ಜಿ ಗುಳೇದಗುಡ್ಡ ಖಣದ ಕುಪ್ಪಸ ಹೊಲಿಯುತ್ತಿದ್ದದ್ದು ಇದರಲ್ಲೇ.

ತೊಂದರೆ ಎರಡು. ಗಾಲಿ ತುಂಬಾ ಬಿಗಿ. ಇನ್ನೊಂದು, ಬೇರೆಯವರ ಸಿಂಗರ್‌ನಲ್ಲಿ ಬೆಳ್ಳಿ ಹಾಗೆ ಹೊಳೆಯುವ ಭಾಗಗಳು ಇದರಲ್ಲಿ ಕಪ್ಪು. ಗಾಲಿಯ ಅಂಚು, ಮುಖದ ಪ್ಲೇಟ್, ಸೂಜಿ ಪ್ಲೇಟ್ ಎಲ್ಲ. ಕೊಳೆ ಅಂದುಕೊಂಡು ಸೂಜಿ ಪ್ಲೇಟನ್ನು ಹಿತ್ತಾಳೆ ತಂಬಿಗೆ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಬೂದು ಬಣ್ಣ ಬಂತು. ಮರುದಿನ ತುಕ್ಕಿನ ಚುಕ್ಕೆ. ರಿಪೇರಿಯವರೊಬ್ಬರು ಎಲ್ಲ ಬಿಚ್ಚಿ ನಿಕ್ಕಲ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲಾ?

ಬೆಳಗಾವಿಯಿಂದ:

ಅಕ್ಕಾರೆ, ದಯವಿಟ್ಟು ಬೇಡ. ಉಳಿದ ಭಾಗಕ್ಕೆ ಹುಣಸೆಹಣ್ಣು, ಲಿಂಬೆ, ಪಾಲಿಶ್ ಯಾವುದನ್ನೂ ಮುಟ್ಟಿಸಬೇಡಿ.

ಅದು ಕೊಳೆ ಅಲ್ಲ, ಕಾರ್ಖಾನೆಯಲ್ಲೇ ಕೊಟ್ಟ ಕಪ್ಪು. ‘ಇ’ ಸಾಲಿನ ನಂಬರ್ ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು. 99ರ ಮುಂದಿನ ‘ಕೆ’ ಕೂಡ ಅದೇ, ಆ ಕಾರ್ಖಾನೆ ಇದ್ದ ಜಾಗದ ಹೆಸರು ಕಿಲ್ಬೋವಿ ಅಂತ. ನಿಮ್ಮದು 1940ರ ದಶಕದ ಮಷಿನ್. ಆಗ ನಿಕ್ಕಲ್, ಕ್ರೋಮ್ ಎಲ್ಲ ಯುದ್ಧದ ಕೆಲಸಕ್ಕೆ ಹೋಗುತ್ತಿತ್ತು. 1941ರ ಮಾರ್ಚ್‌ನಲ್ಲಿ ಆ ಊರಿನ ಮೇಲೆ ಎರಡು ರಾತ್ರಿ ಬಾಂಬ್ ಬಿತ್ತು, ಸಿಂಗರ್‌ನ ಮರದ ಅಡ್ಡೆಯೂ ಸುಟ್ಟುಹೋಯಿತು. ಅಂಥ ಹೊತ್ತಿನಲ್ಲಿ ಹೊಳಪಿನ ಭಾಗಗಳನ್ನೇ ಕಪ್ಪು ಮಾಡಿ ಕಳಿಸಿದರು. ಸಂಗ್ರಹ ಮಾಡುವವರು ಇದಕ್ಕೆ ‘ಬ್ಲ್ಯಾಕ್‌ಸೈಡ್’ ಅನ್ನುತ್ತಾರೆ. ಹುಡುಕಿಕೊಂಡು ಕೊಳ್ಳುತ್ತಾರೆ.

ಈ ಕಪ್ಪು ಬಣ್ಣ ಬಳಿದದ್ದಲ್ಲ. ಉಕ್ಕಿನ ಮೈಯನ್ನೇ ತೆಳುವಾಗಿ ಕಪ್ಪು ಆಕ್ಸೈಡ್ ಮಾಡಿರುತ್ತಾರೆ. ಹುಳಿ ತಾಗಿದರೆ ಕರಗುತ್ತದೆ. ಗುರುತು ಹಿಡಿಯೋದು ಸುಲಭ. ಸವೆದ ಜಾಗ ನೋಡಿ. ಬಣ್ಣ ಆಗಿದ್ದರೆ ಸಿಪ್ಪೆ ಎದ್ದ ಹಾಗೆ ಅಂಚು ಕಾಣುತ್ತದೆ. ಆಕ್ಸೈಡ್ ಆದರೆ ಕಪ್ಪು ಮೆಲ್ಲಗೆ ತೆಳುವಾಗುತ್ತ ಉಕ್ಕಿನ ಬೂದಿಗೆ ಸೇರುತ್ತದೆ.

ಸೂಜಿ ಪ್ಲೇಟಿಗೆ ಈಗ ಹೀಗೆ ಮಾಡಿ. ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ತುಕ್ಕಿನ ಮೇಲೆ ಮಷಿನ್ ಎಣ್ಣೆ ಬಿಟ್ಟು, ಒಂದು ದಿನ ಬಿಟ್ಟು ಹತ್ತಿ ಬಟ್ಟೆಯಲ್ಲಿ ಒರೆಸಿ. ಬೂದು ಹಾಗೇ ಇರಲಿ, ಹೊಲಿಗೆಗೆ ಏನೂ ತೊಂದರೆ ಇಲ್ಲ. ಮತ್ತೆ ಕಪ್ಪು ಮಾಡುವ ರಾಸಾಯನಿಕ ಸಿಗುತ್ತದೆ, ಆದರೆ ವಿಷದ್ದು. ಮನೆಯಲ್ಲಿ ಬಳಸುವುದು ನನಗೆ ಸರಿ ಕಾಣುವುದಿಲ್ಲ.

ಗಾಲಿಯ ವಿಷಯ: ನಡುವಿನ ಗುಂಡಿ ಸಡಿಲ ಮಾಡಿ ತಿರುಗಿಸಿ. ಆಗ ಗಾಲಿ ಸಲೀಸಾಗಿ ತಿರುಗಿದರೆ ಬಿಗಿ ಇರುವುದು ಒಳಗೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದರಾ?

ವಿಜಯಪುರದಿಂದ:

ನನ್ನ ಹತ್ತಿರ ಇನ್ನೊಂದು ಥರದ್ದಿದೆ. ಮೈಯೆಲ್ಲ ಸುಕ್ಕು ಸುಕ್ಕು, ಹೂವಿನ ಚಿತ್ತಾರ ಇಲ್ಲ. ‘ಗಾಡ್ಜಿಲಾ’ ಅಂತ ಕರೆಯುತ್ತಾರೆ. ಅದು ಮಾತ್ರ ನಿಜವಾಗಿ ಬಣ್ಣ. ಮೇಲಿನ ಪದರ ಬೇಗ ಒಣಗಿ ಕೆಳಗಿನದು ಹಸಿ ಉಳಿದರೆ ಹಾಗೆ ಸುಕ್ಕಾಗುತ್ತದೆ. ಎರಕದ ಒರಟನ್ನೂ ಮುಚ್ಚುತ್ತದೆ. ಅದನ್ನು ಹಳೇ ಬ್ರಷ್‌ನಿಂದ ಎಣ್ಣೆ ಹಚ್ಚಿಯೇ ಸ್ವಚ್ಛ ಮಾಡುತ್ತೇನೆ. ಅಕ್ಕಾ, ನಿಮ್ಮ ಮಷಿನ್‌ಗೆ ಬಂಗಾರದ ಹೂವಿದ್ದರೆ ಸ್ಪಿರಿಟ್ ಮುಟ್ಟಿಸಬೇಡಿ. ಮೇಲಿನ ಅರಗಿನ ಪದರ ಕರಗಿ ಹೂವೂ ಹೋಗುತ್ತದೆ.

ಬಾಗಲಕೋಟೆಯಿಂದ:

ಹೌದು ಅಣ್ಣಾರೆ, ಕೊಬ್ಬರಿ ಎಣ್ಣೆಯೇ. ಗುಂಡಿ ಸಡಿಲ ಮಾಡಿದರೆ ಗಾಲಿ ಸಲೀಸು.

ಬೆಳಗಾವಿಯಿಂದ:

ಹಾಗಾದರೆ ಅದೇ ಒಣಗಿ ಅಂಟಾಗಿದೆ. ಎಣ್ಣೆ ತೂತುಗಳಿಗೆ ಎರಡೆರಡು ಹನಿ ಸೀಮೆಎಣ್ಣೆ ಬಿಡಿ. ರಾತ್ರಿ ಇಟ್ಟು ಬೆಳಗ್ಗೆ ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಜೋರು ಮಾಡಬೇಡಿ. ಕಂದು ಜಿಡ್ಡು ಬರುವುದು ನಿಲ್ಲುವವರೆಗೆ ದಿನಾ ಮಾಡಿ. ಆಮೇಲೆ ಮಷಿನ್ ಎಣ್ಣೆ ಮರೆಯಬೇಡಿ, ಸೀಮೆಎಣ್ಣೆಗೆ ಜಾರಿಸುವ ಗುಣ ಇಲ್ಲ.

ಬಾಗಲಕೋಟೆಯಿಂದ:

ನಾಲ್ಕನೇ ದಿನಕ್ಕೆ ಗಾಲಿ ಒಂದೇ ಬೆರಳಿಗೆ ತಿರುಗಿತು! ಸೂಜಿ ಪ್ಲೇಟ್ ಬಿಚ್ಚಿ ತಿರುವಿ ನೋಡಿದೆ. ಅಡಿಯಲ್ಲಿ ಮೊದಲಿನ ಕಪ್ಪು ಹಾಗೇ ಉಳಿದಿದೆ. ನಿಕ್ಕಲ್ ಹಾಕಿಸುವುದಿಲ್ಲ. ಇವತ್ತು ಒಂದು ಖಣ ಹೊಲಿಯಲು ಕೂರುತ್ತೇನೆ.