ಪದಚರ್ಚೆ: ಇಂಗ್ಲಿಷಿನ ‘ಡರ್ತ್’ (dearth) ಅಂದರೆ ಬರವೋ, ಕೊರತೆಯೋ, ತುಟ್ಟಿಯೋ?

ಪ್ರಶ್ನೆ:
ಇಂಗ್ಲೆಂಡಿನಲ್ಲಿ ಬ್ರೆಡ್ಡಿನ ಚರಿತ್ರೆ ಕುರಿತ ಪ್ರದರ್ಶನದ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಶೀರ್ಷಿಕೆಯಲ್ಲಿ 1795–96 ಮತ್ತು 1800–01ರ ‘ಡರ್ತ್’ ಎಂದಿದೆ. ಕೆಳಗೆ ‘ದಾಖಲೆಗಳ ಡರ್ತ್’ ಎಂದೂ ಬಂದಿದೆ. ‘ಫ್ಯಾಮಿನ್’ ಬೇರೆ ಇದೆ, ಅದಕ್ಕೆ ಕ್ಷಾಮ ಹಾಕಿದ್ದೇನೆ. ಶೀರ್ಷಿಕೆಗೆ ಒಂದೇ ಪದ ಬೇಕು, ದಯವಿಟ್ಟು ತಿಳಿಸಿ.

ಉತ್ತರ 1:
ಬರ. ಇದರಲ್ಲಿ ಯೋಚಿಸುವಂಥದ್ದು ಏನಿದೆ? ಹಳಗನ್ನಡದಲ್ಲಿ ಶಕಟರೇಫದ (‘ಱ’ ಎಂಬ ಹಳೆಯ ರಕಾರದ) ‘ಬಱ’. ತಮಿಳಿನ ವಱಟ್ಚಿ (ಒಣಗುವಿಕೆ), ವಱುಮೈ (ಬಡತನ) ಇದರ ಒಡಹುಟ್ಟುಗಳು. ‘ಮಳೆ ಬಾರದ್ದರಿಂದ ಬರ’ ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ, ‘ಬರು’ ಧಾತುವಿನ ರೇಫವೇ (ರಕಾರವೇ) ಬೇರೆ. ಅಚ್ಚಗನ್ನಡದ ಪದ ಕೈಯಲ್ಲಿರುವಾಗ ಕ್ಷಾಮ, ಅಭಾವಗಳ ಹಂಗು ಏಕೆ?

ಉತ್ತರ 2:
ಬರ ಇಲ್ಲಿ ಸಲ್ಲದು. ‘ಡರ್ತ್’ ಹುಟ್ಟಿದ್ದು ‘ಡಿಯರ್’ (dear, ತುಟ್ಟಿ) ಎಂಬುದಕ್ಕೆ ಭಾವನಾಮದ ‘ಥ್’ ಸೇರಿ, ವಾರ್ಮ್‌ನಿಂದ ವಾರ್ಮ್ತ್, ಟ್ರೂನಿಂದ ಟ್ರೂತ್ ಆದ ಹಾಗೆ. ಮೊದಲ ಅರ್ಥ ತುಟ್ಟಿತನ. ಕಾಳಿನ ಬೆಲೆ ಏರಿದ ಕಾಲಕ್ಕೆ ಆ ಹೆಸರು ನಿಂತು, ಅಲ್ಲಿಂದ ಆಹಾರದ ಕೊರತೆಗೆ, ಆಮೇಲೆ ಯಾವುದೇ ಕೊರತೆಗೆ ಹರಡಿತು. ನಿಮ್ಮ ಫಲಕದ ಎರಡು ಬಳಕೆಗಳು ಈ ಹಾದಿಯ ಎರಡು ತುದಿಗಳು. ಒಂದೇ ಕನ್ನಡ ಪದ ಎರಡಕ್ಕೂ ಒದಗುವುದಿಲ್ಲ.

ಇನ್ನು ಸಂದರ್ಭ. 1792ರಲ್ಲಿ ಒಂದು ಕ್ವಾರ್ಟರ್ (8 ಬುಷೆಲ್) ಗೋಧಿಗೆ ಸರಾಸರಿ ಸುಮಾರು 43 ಷಿಲಿಂಗ್ ಇತ್ತು. 1801ರಲ್ಲಿ ಸುಮಾರು 119. ಗೋಧಿ ಪೇಟೆಯಲ್ಲಿತ್ತು, ಕೂಲಿಯವನ ಕೈಗೆ ಎಟುಕುತ್ತಿರಲಿಲ್ಲ. 1795ರ ಮೇ ತಿಂಗಳಲ್ಲಿ ಬರ್ಕ್‌ಷೈರಿನ ಸ್ಪೀನ್‌ಹ್ಯಾಮ್‌ಲ್ಯಾಂಡಿನಲ್ಲಿ ಸೇರಿದ ನ್ಯಾಯಾಧೀಶರು ಬ್ರೆಡ್ಡಿನ ಬೆಲೆಗೇ ನೆರವನ್ನು ಕಟ್ಟಿಹಾಕಿದರು: 8 ಪೌಂಡ್ 11 ಔನ್ಸಿನ ಗ್ಯಾಲನ್ ಲೋಫಿಗೆ 1 ಷಿಲಿಂಗ್ ಆದರೆ ಬಡ ದುಡಿಮೆಗಾರನಿಗೆ ವಾರಕ್ಕೆ 3 ಷಿಲಿಂಗ್, ಹೆಂಡತಿಗೂ ಮನೆಯ ಉಳಿದ ಪ್ರತಿಯೊಬ್ಬರಿಗೂ ಒಂದೂವರೆ. ಬೆಲೆ ಏರಿದಷ್ಟೂ ನೆರವೂ ಏರುತ್ತಿತ್ತು. ನಮ್ಮ ಸಂಬಳದ ಚೀಟಿಯಲ್ಲಿ ಇಂಥದ್ದಕ್ಕೆ ತುಟ್ಟಿಭತ್ಯೆ ಎಂದೇ ಹೆಸರು. ಸರಿಯಾದ ಪದ ಕಣ್ಣೆದುರಿಗೇ ಇದೆ: ತುಟ್ಟಿ. ಬರಗಾಲದ ಮಾದರಿಯಲ್ಲಿ ತುಟ್ಟಿಗಾಲ ಎನ್ನಿ.

ಉತ್ತರ 1:
ತುಟ್ಟಿ ಮರಾಠಿಯ ‘ತೂಟ್’ನಿಂದ ಬಂದದ್ದು. ಪೇಟೆಯಲ್ಲಿ ಆಡುವುದನ್ನೆಲ್ಲ ಫಲಕಕ್ಕೆ ಏರಿಸುವುದಾದರೆ ನಿಘಂಟು ಯಾಕೆ ಬೇಕು?

ಉತ್ತರ 3:
ಮರಾಠಿಯ ತೂಟ್ ಅಂದರೆ ಕೊರತೆ, ಖೋತಾ. ಬೆಲೆ ಹೆಚ್ಚು ಎಂಬುದಕ್ಕೆ ಅವರಲ್ಲಿ ‘ಮಹಾಗ್’. ತುಟ್ಟಿಭತ್ಯೆಗೆ ‘ಮಹಾಗಾಈ ಭತ್ತಾ’ ಅನ್ನುತ್ತಾರೆ. ಬೇರು ಅಲ್ಲಿಂದಲೇ ಬಂದಿದ್ದರೂ ಬೆಲೆಯ ಅರ್ಥ ಬೆಳೆದದ್ದು ಕನ್ನಡದ ಬಾಯಲ್ಲಿ. ಧಾರವಾಡ, ಬೆಳಗಾವಿ ಕಡೆ ‘ತುಟ್ಟಿ ಆತು’ ಅನ್ನುವವರಿಗೆ ಅದು ಕಡ ತಂದ ಪದ ಎಂದು ಹೇಳಿ ನೋಡಿ. ಬೇರು ನೋಡಿ ಪದವನ್ನು ಹೊರಗಟ್ಟುವುದು ವಿದ್ವತ್ತಲ್ಲ, ಹಟ.

ಬರ ಎಂದರೆ ಇನ್ನೊಂದು ತೊಡಕು. ಉತ್ತರ 1ರವರು ಹೇಳಿದ ಬೇರಿನಲ್ಲೇ ಒಣಗುವಿಕೆ ಇದೆ. 1799ರಲ್ಲಿ ಇಂಗ್ಲೆಂಡಿನ ಪೈರು ಕೆಟ್ಟದ್ದು ಚಳಿ ಮತ್ತು ಬಿಡದ ಮಳೆಯಿಂದ. ಕನ್ನಡದ ಓದುಗ ‘ಬರ’ ಎಂದು ಓದಿದರೆ ಬಿರಿದ ನೆಲವನ್ನು ಕಾಣುತ್ತಾನೆ.

ಉತ್ತರ 1:
ಹಸಿ ಬರ ಎಂಬ ಮಾತು ಕೇಳಿಲ್ಲವೇ? ಮಳೆ ಹೆಚ್ಚಾಗಿ ಬೆಳೆ ಹೋದರೂ ನಮ್ಮ ರೈತ ಬರ ಎಂದೇ ಹೇಳುತ್ತಾನೆ.

ಉತ್ತರ 3:
ಹೇಳುತ್ತಾನೆ, ‘ಹಸಿ’ ಸೇರಿಸಿ. ವಿಶೇಷಣ ಬೇಕಾಗಿದ್ದೇ ಮೂಲ ಅರ್ಥ ಒಣಗಿದ್ದು ಎಂಬುದಕ್ಕೆ ಪುರಾವೆ. 1876–78ರಲ್ಲಿ ಮೈಸೂರು ಸೀಮೆ ಕಂಡ, ಧಾತು ಮತ್ತು ಈಶ್ವರ ಸಂವತ್ಸರಗಳ ಬರಕ್ಕೆ ಬರ ಎಂಬುದೇ ತಕ್ಕ ಪದ. ಅಲ್ಲಿ ಮಳೆಯೇ ಕೈಕೊಟ್ಟು ಜನ ಲಕ್ಷಗಟ್ಟಲೆ ಸತ್ತರು. ಆ ಪದವನ್ನು ಅಂಥದ್ದಕ್ಕೇ ಉಳಿಸಿಕೊಳ್ಳೋಣ.

ಪ್ರಶ್ನೆ ಕೇಳಿದವರು:
ತುಟ್ಟಿಗಾಲ ಬೆಂಗಳೂರು, ಮೈಸೂರಿನ ಓದುಗರಿಗೆ ತಿಳಿಯುತ್ತದೆಯೇ? ಅಲ್ಲಿ ಮಾತಿನಲ್ಲಿ ದುಬಾರಿ ಹೆಚ್ಚು. ದಾಖಲೆಗಳಿಗೆ ಅಭಾವ ಹಾಕಲೇ?

ಉತ್ತರ 2:
ತಿಳಿಯುತ್ತದೆ, ತುಟ್ಟಿಭತ್ಯೆ ರಾಜ್ಯಕ್ಕೆಲ್ಲ ಒಂದೇ. ‘ದುಬಾರಿ ಕಾಲ’ ಎಂದರೆ ಇವತ್ತಿನ ಬೆಲೆಯೇರಿಕೆಯ ಸುದ್ದಿಯಂತೆ ಕೇಳುತ್ತದೆ. ಅಭಾವ ಬೇಡ. ತರ್ಕಶಾಸ್ತ್ರದಲ್ಲಿ ಅದು ಇಲ್ಲವೇ ಇಲ್ಲ ಎಂಬ ಅರ್ಥ. ನಿಮ್ಮ ದಾಖಲೆಗಳು ಇವೆ, ಸಾಕಷ್ಟಿಲ್ಲ ಅಷ್ಟೆ, ಆದ್ದರಿಂದ ಕೊರತೆ. ತತ್ವಾರ ಎಂಬುದು ನೀರಿಗೋ ಅಕ್ಕಿಗೋ ಸರಿ, ದಾಖಲೆಗಳಿಗೆ ಒಪ್ಪದು.

ಶೀರ್ಷಿಕೆ ಹೀಗಿರಲಿ: ‘ಬ್ರೆಡ್ಡಿನ ತುಟ್ಟಿಗಾಲ: 1795–96, 1800–01’. ಒಳಗಿನ ಮೊದಲ ವಾಕ್ಯದಲ್ಲಿ ‘ಗೋಧಿ ತುಟ್ಟಿಯಾಗಿ ಬಡವರ ಊಟ ಕುಗ್ಗಿದ ವರ್ಷಗಳು’ ಎಂದು ಬಿಡಿಸಿ ಹೇಳಿ, ಶೀರ್ಷಿಕೆಯಲ್ಲಿ ಎಡವಿದವರಿಗೂ ದಾರಿ ಸಿಗುತ್ತದೆ. ‘ಫ್ಯಾಮಿನ್’ಗೆ ಹಾಕಿದ ಕ್ಷಾಮ ಹಾಗೇ ಇರಲಿ. ಎರಡಕ್ಕೂ ಬರ ಎಂದು ಹಾಕಿದರೆ ಬೆಲೆ ಏರಿದ್ದಕ್ಕೂ ಜನ ಹಸಿದು ಸತ್ತದ್ದಕ್ಕೂ ಮೂಲದಲ್ಲಿ ಇಟ್ಟ ಅಂತರ ಅಳಿಸಿಹೋಗುತ್ತದೆ.

ಉತ್ತರ 1:
ನನ್ನ ಮತ ಬರವೇ. ಕೊರತೆಗೆ ತಕರಾರಿಲ್ಲ, ಅದು ‘ಕುಱು’ (ಚಿಕ್ಕದು) ಎಂಬುದರ ಸಂತಾನ, ನಮ್ಮದೇ.